ಹ್ಯಾವ್‌ಲಾಕ್ ದ್ವೀಪದಿಂದ ಅದೇ ದಿನ ಚೆನ್ನೈಗೆ ಇಳಿಯಬೇಕೆ? ರಾಯಚೂರಿನಿಂದ ಹೊರಟವರಿಗೆ ಸಲಹೆ ಬೇಕು

ತೀನ್‌ಕಂದೀಲ್ (ರಾಯಚೂರು)

ಜನವರಿಯಲ್ಲಿ ಅಂಡಮಾನಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾನು, ಯಜಮಾನರು, ಎಂಟನೇ ತರಗತಿಯ ಮಗಳು, ಎಪ್ಪತ್ತರ ಆಸುಪಾಸಿನ ಅತ್ತೆ. ಹೆಚ್ಚಿನ ದಿನಗಳು ಸ್ವರಾಜ್ ದ್ವೀಪದಲ್ಲಿ. 2018ರಲ್ಲಿ ಹೆಸರು ಬದಲಾಯಿತಾದರೂ ಎಲ್ಲರೂ ಇನ್ನೂ ಹ್ಯಾವ್‌ಲಾಕ್ ಎಂದೇ ಕರೆಯುತ್ತಾರೆ. ಕಡಲಿಗೆ ಅಂಟಿಕೊಂಡಂತೆ ಇರುವ ಒಂದು ರೆಸಾರ್ಟ್ ನೋಡಿದ್ದೇವೆ. ತೆಂಗಿನ ತೋಟ, ಮರದ ಮನೆಗಳು, ಕೋಣೆಯಲ್ಲಿ ಟಿ.ವಿ. ಕೂಡ ಇಲ್ಲವಂತೆ.

ನನ್ನ ಚಿಂತೆ ಕೊನೆಯ ದಿನದ್ದು. ಏಜೆಂಟ್ ಕೊಟ್ಟ ಪಟ್ಟಿಯ ಪ್ರಕಾರ ಬೆಳಗ್ಗೆ ಹ್ಯಾವ್‌ಲಾಕ್‌ನಿಂದ ಹಡಗು, ಮಧ್ಯಾಹ್ನ ಶ್ರೀ ವಿಜಯಪುರದಿಂದ (ಹಿಂದಿನ ಪೋರ್ಟ್ ಬ್ಲೇರ್) ವಿಮಾನ, ಸಂಜೆ ಚೆನ್ನೈ, ಅಂದೇ ರಾತ್ರಿ ಟಿ. ನಗರದಲ್ಲಿ ಸೀರೆ ಖರೀದಿ. ಮರುದಿನ ನಗರ ದರ್ಶನ, ಆಮೇಲೆ ರಾಯಚೂರಿಗೆ ರೈಲು. ಹಿಂದೊಮ್ಮೆ ಕುಮರಕೋಮ್‌ನ ಹಿನ್ನೀರಿನಿಂದ ನೇರವಾಗಿ ಎರ್ನಾಕುಲದ ಪೇಟೆಗೆ ಬಂದಾಗ ಅತ್ತೆಗೆ ತಲೆಸುತ್ತು ಬಂದು ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಅದಕ್ಕೇ ಕೇಳುತ್ತಿದ್ದೇನೆ. ನಗರವನ್ನು ಮೊದಲು ಮುಗಿಸಿಕೊಂಡು ದ್ವೀಪಕ್ಕೆ ಹೋಗುವುದು ಒಳ್ಳೆಯದೋ, ಕೊನೆಗೆ ಇಟ್ಟುಕೊಳ್ಳುವುದೋ? ಅಥವಾ ಚೆನ್ನೈಯನ್ನೇ ಕೈಬಿಡಬಹುದೋ?

ಬಳ್ಳಾರಿ ಗುಡ್ಡ

ಅಕ್ಕಾ, ಆ ಪಟ್ಟಿ ಏಜೆಂಟರಿಗೆ ಅನುಕೂಲವಾಗಿದೆ, ನಿಮಗಲ್ಲ. ಮೊದಲನೆಯದು, ಹ್ಯಾವ್‌ಲಾಕ್‌ನಿಂದ ಬಂದ ದಿನವೇ ವಿಮಾನ ಹತ್ತುವ ಯೋಜನೆ ಬೇಡ. ಖಾಸಗಿ ವೇಗದ ಹಡಗು ಒಂದೂವರೆ ಗಂಟೆಯಲ್ಲಿ, ಸರ್ಕಾರಿ ಹಡಗು ಎರಡೂವರೆ ಗಂಟೆಯಲ್ಲಿ ತಲುಪಿಸುತ್ತದೆ, ನಿಜ. ಆದರೆ ಗಾಳಿ ಜೋರಾಗಿ ಕಡಲು ಎದ್ದರೆ ಹೊರಡುವುದೇ ಇಲ್ಲ. ಹಡಗಿನವರು ತಮ್ಮ ದುಡ್ಡನ್ನು ಹಿಂದಿರುಗಿಸುತ್ತಾರೆ, ವಿಮಾನದವರು ಹಿಂದಿರುಗಿಸಬೇಕಲ್ಲ! ಕೊನೆಯ ರಾತ್ರಿ ಶ್ರೀ ವಿಜಯಪುರದಲ್ಲೇ ಇರಲಿ.

ಎರಡನೆಯದು, ಯಜಮಾನರಿಗೋ ಮಗಳಿಗೋ ಸ್ಕೂಬಾ ಡೈವಿಂಗ್ ಆಸೆ ಇದ್ದರೆ ದ್ವೀಪಕ್ಕೆ ಹೋದ ಮೊದಲ ದಿನಗಳಲ್ಲೇ ಮುಗಿಸಿಕೊಳ್ಳಲಿ. ನೀರಿನ ಆಳದಲ್ಲಿ ಉಸಿರಾಡುವಾಗ ರಕ್ತದಲ್ಲಿ ಹೆಚ್ಚು ಸಾರಜನಕ ಕರಗುತ್ತದೆ. ಅದು ಹೊರಹೋಗುವ ಮೊದಲೇ ವಿಮಾನದ ಕಡಿಮೆ ಒತ್ತಡಕ್ಕೆ ಹೋದರೆ ಗುಳ್ಳೆಗಳಾಗಿ ಕೀಲುಗಳಲ್ಲಿ ನೋವು, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಅಪಾಯ. ಒಂದೇ ಸಲ ಮುಳುಗಿದರೂ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಒಂದು ಪೂರ್ತಿ ದಿನ ಬಿಡುವುದೇ ವಾಸಿ. ಏಜೆಂಟರ ಪಟ್ಟಿಯಲ್ಲಿ ಇದರ ಸುಳಿವೂ ಇರುವುದಿಲ್ಲ.

ಚೆನ್ನೈ ಬೇಕೋ ಬೇಡವೋ ಎಂಬುದನ್ನು ಉಳಿದವರು ಹೇಳಲಿ. ನನಗೆ ಆ ಊರೆಂದರೆ ವ್ಯಾಪಾರ ಮಾತ್ರ.

ಮಸ್ಕಿ ಮೇಷ್ಟ್ರು

ನಗರ ಮೊದಲು, ದ್ವೀಪ ಆಮೇಲೆ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ. ಆದರೂ ಕಾರಣ ಹೇಳುತ್ತೇನೆ, ಏಕೆಂದರೆ ಯಾರೂ ಇದನ್ನು ಸರಿಯಾಗಿ ಹೇಳುವುದಿಲ್ಲ.

ಇಡೀ ದೇಶಕ್ಕೆ ನಮ್ಮದು ಒಂದೇ ಗಡಿಯಾರ, 82.5 ಡಿಗ್ರಿ ಪೂರ್ವ ರೇಖಾಂಶದ್ದು. ರಾಯಚೂರು ಇರುವುದು 77 ಡಿಗ್ರಿಗಿಂತ ತುಸು ಆಚೆ. ಹ್ಯಾವ್‌ಲಾಕ್ 93 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿ ನೋಡಿ, ಸುಮಾರು ಒಂದು ಗಂಟೆಯ ವ್ಯತ್ಯಾಸ. ಜನವರಿಯಲ್ಲಿ ಅಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಏಳು ಗಂಟೆಗೆ ಊಟ, ಒಂಬತ್ತಕ್ಕೆ ನಿದ್ದೆ, ಬೆಳಗಿನ ಐದಕ್ಕೆ ಎಚ್ಚರ. ಗಡಿಯಾರ ಬದಲಾಗದ ಕಾರಣ ಇದು ನಮಗೆ ಗೊತ್ತಾಗುವುದಿಲ್ಲ, ಮೈಗೆ ಮಾತ್ರ ಗೊತ್ತಾಗುತ್ತದೆ. ಆ ಮೈಯನ್ನು ತಂದು ರಾತ್ರಿ ಒಂಬತ್ತಕ್ಕೆ ಟಿ. ನಗರದ ರಂಗನಾಥನ್ ಬೀದಿಯಲ್ಲಿ ನಿಲ್ಲಿಸಿದರೆ ಅತ್ತೆಯವರು ಮೆಟ್ಟಿಲ ಮೇಲೆ ಕೂರದೆ ಇನ್ನೇನು ಮಾಡಿಯಾರು?

ಶಬ್ದದ ಲೆಕ್ಕವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ ಹಗಲು 65 ಡೆಸಿಬೆಲ್ ಮಿತಿ. ಹತ್ತು ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ, ಇಪ್ಪತ್ತು ಹೆಚ್ಚಿದರೆ ನಾಲ್ಕು ಪಟ್ಟು. ಪೇಟೆಗಳು ಮಿತಿಯೊಳಗೆ ಇರುತ್ತವೆ ಎಂದು ನಂಬಿದರೆ ಇಷ್ಟು. ನಂಬುವವರು ಯಾರಿದ್ದಾರೆ?

ಆದ್ದರಿಂದ ಹೋಗುವಾಗಲೇ ಚೆನ್ನೈ ನೋಡಿ, ದಣಿವನ್ನು ದ್ವೀಪದಲ್ಲಿ ಕಳೆದುಕೊಂಡು, ಬೆಂಗಳೂರಿನ ವಿಮಾನ ಹಿಡಿದು ನೇರವಾಗಿ ಊರಿಗೆ ಬನ್ನಿ.

ಶಕ್ತಿನಗರ ಪಾಳಿ

ಮೇಷ್ಟ್ರೇ, ಬೆಂಗಳೂರು ನಗರವಲ್ಲವೇ? ಅಲ್ಲಿ ಡೆಸಿಬೆಲ್ ರಜೆಯ ಮೇಲಿರುತ್ತದೆಯೇ?

ನನ್ನದು ತದ್ವಿರುದ್ಧ ಸಮಸ್ಯೆ. ಉಷ್ಣ ವಿದ್ಯುತ್ ಸ್ಥಾವರದ ಸದ್ದಿನಲ್ಲಿ ಹಗಲು ಹೊತ್ತು ಮಲಗುವವನು ನಾನು. ರಾತ್ರಿ ಪಾಳಿ ಮುಗಿಸಿ ಬಂದರೆ ಕಲ್ಲಿದ್ದಲಿನ ರೈಲು ಹೋದರೂ ಎಚ್ಚರವಾಗುವುದಿಲ್ಲ. ಹ್ಯಾವ್‌ಲಾಕ್‌ನಲ್ಲಿ ಮೊದಲ ರಾತ್ರಿ ನಿದ್ದೆಯೇ ಬರಲಿಲ್ಲ. ಒಂದು ಅಲೆ ಬರುತ್ತದೆ, ನಿಲ್ಲುತ್ತದೆ, ಮತ್ತೊಂದು ಯಾವಾಗ ಬರುತ್ತದೋ ಎಂದು ಕಾಯುತ್ತಾ ಕಣ್ಣು ತೆರೆದು ಮಲಗಿದ್ದೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಬೇಸರ ಬಂತು. ಹೆಂಡತಿ ಪುಸ್ತಕ ಓದಿದಳು, ನಾನು ರೆಸಾರ್ಟಿನ ಜನರೇಟರ್ ನೋಡಿಕೊಳ್ಳುವ ಹುಡುಗನೊಂದಿಗೆ ಮಾತನಾಡುತ್ತಾ ಕುಳಿತೆ. ಚೆನ್ನೈಗೆ ಬಂದು ಎಗ್ಮೋರ್ ಹತ್ತಿರದ ಗದ್ದಲದ ಬೀದಿಯ ಕೋಣೆಯಲ್ಲಿ, ಕೆಳಗೆ ಕೊತ್ತು ಪರೋಟ ಕುಟ್ಟುವ ಟಕಟಕ ಕೇಳುತ್ತಾ ಮಲಗಿದವನು ಬೆಳಗ್ಗೆ ಎಂಟಕ್ಕೇ ಎದ್ದದ್ದು. ಎಲ್ಲರೂ ಮೌನಕ್ಕೆ ಹಂಬಲಿಸುತ್ತಾರೆ ಎಂದುಕೊಳ್ಳಬೇಡಿ. ನಿಮ್ಮ ಮಗಳನ್ನು ಕೇಳಿದ್ದೀರಾ? ಎಂಟನೇ ತರಗತಿಯವರಿಗೆ ಮೂರು ದಿನ ತೆಂಗಿನ ಮರ ತೋರಿಸುವುದು ಶಿಕ್ಷೆ.

ಕುಷ್ಟಗಿಯವಳು (ಈಗ ಚೆನ್ನೈ)

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ, ತೀರ್ಪು ತಪ್ಪು. ಈ ಊರಿಗೆ ಬಂದು ನೆಲೆಸಿದ ಮೇಲೆ ನಮ್ಮ ಕಡೆಯಿಂದ ಅಂಡಮಾನಿಗೆ ಹೋಗಿಬರುವ ನೆಂಟರೆಲ್ಲ ನನ್ನ ಮನೆಯಲ್ಲೇ ಇಳಿಯುತ್ತಾರೆ. ಹೋಗುವಾಗಿನ ಮುಖವನ್ನೂ ಬರುವಾಗಿನ ಮುಖವನ್ನೂ ನೋಡಿದ್ದೇನೆ. ಅವರನ್ನು ಸುಸ್ತು ಮಾಡುವುದು ಶಬ್ದವಲ್ಲ.

ರೆಸಾರ್ಟಿನಲ್ಲಿ ಇರುವಷ್ಟು ದಿನ ಯಾರೂ ಏನನ್ನೂ ನಿರ್ಧರಿಸುವುದಿಲ್ಲ. ಊಟಕ್ಕೆ ಕರೆಯುತ್ತಾರೆ, ಹೋಗುತ್ತಾರೆ. ಗಾಡಿ ಬಂದು ನಿಲ್ಲುತ್ತದೆ, ಹತ್ತುತ್ತಾರೆ. ಬೆಲೆ ಮೊದಲೇ ಕೊಟ್ಟಾಗಿದೆ. ಮೊಬೈಲಿಗೆ ಸಿಗ್ನಲ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. (2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಕಡಲಡಿಯ ಕೇಬಲ್ ಹೋದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೂ ಇಲ್ಲಿಯಂತಲ್ಲ.) ವಿಮಾನ ಇಳಿದ ಕೂಡಲೇ ಐದು ನಿಮಿಷದಲ್ಲಿ ಐವತ್ತು ಪ್ರಶ್ನೆ. ಟ್ಯಾಕ್ಸಿಯೋ ಮೆಟ್ರೋವೋ, ಯಾವ ಬಾಗಿಲಿನಿಂದ ಹೊರಗೆ, ಆಟೋದವರು ಕೇಳಿದ್ದು ನ್ಯಾಯವೋ ಅಲ್ಲವೋ, ಈ ಹೋಟೆಲ್ ಸಸ್ಯಾಹಾರಿಯೋ, ಅತ್ತೆಗೆ ಶೌಚಾಲಯ ಎಲ್ಲಿ, ಸಾಮಾನು ಯಾರ ಕೈಯಲ್ಲಿ. ಇಷ್ಟು ದಿನ ಕೆಲಸವಿಲ್ಲದೆ ಕುಳಿತಿದ್ದ ತಲೆಗೆ ಒಮ್ಮೆಲೇ ಈ ಹೊರೆ ಬೀಳುತ್ತದೆ. ಮನೆಯವರು ಜಗಳವಾಡುವುದು ಇಲ್ಲೇ. ಗಂಡ ಹೆಂಡತಿ ಅಂಡಮಾನಿನಲ್ಲಿ ನಗುತ್ತಾ ತೆಗೆಸಿಕೊಂಡ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ, ನನ್ನ ಬಾಗಿಲಿಗೆ ಬರುವಾಗ ಇಬ್ಬರೂ ಮಾತು ಬಿಟ್ಟಿರುತ್ತಾರೆ.

ಹಾಗಾಗಿ ಚೆನ್ನೈ ಮೊದಲೋ ಕೊನೆಯೋ ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ನಿಮ್ಮ ಪಟ್ಟಿಯಂತೆ ರಾಯಚೂರಿಗೆ ರೈಲು ಹಿಡಿಯುವುದು ಚೆನ್ನೈಯಿಂದ, ಹೇಗೂ ಈ ಊರನ್ನು ದಾಟಲೇಬೇಕು. ಬಂದಿಳಿಯುವ ಸಂಜೆಯ ಎಲ್ಲ ನಿರ್ಧಾರಗಳನ್ನೂ ರಾಯಚೂರಿನಲ್ಲೇ ಕುಳಿತು ಮುಗಿಸಿಡಿ. ಅಷ್ಟು ಮಾಡಿದರೆ ಸಾಕು. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ.

ಮೆಟ್ರೋ ವಿಮಾನ ನಿಲ್ದಾಣದಿಂದ ಸೆಂಟ್ರಲ್‌ವರೆಗೆ ನೇರವಾಗಿದೆ, ಚೆನ್ನಾಗಿಯೂ ಇದೆ. ಆದರೆ ಅತ್ತೆ ಮತ್ತು ಪೆಟ್ಟಿಗೆಗಳೊಂದಿಗೆ ಅಂದು ಮೆಟ್ರೋ ಬೇಡ. ಮೊದಲೇ ಹಣ ಕಟ್ಟುವ ಟ್ಯಾಕ್ಸಿ ಹಿಡಿಯಿರಿ. ಕೋಣೆ ಮೈಲಾಪುರದ ಕಡೆ ಇರಲಿ, ಟಿ. ನಗರ ಬೇಡವೇ ಬೇಡ. ಮುಖ್ಯರಸ್ತೆಗೆ ಬೆನ್ನು ಮಾಡಿರುವ ಕೋಣೆ ಕೊಡಿ ಎಂದು ಫೋನಿನಲ್ಲೇ ಕೇಳಿ, ಬಂದ ಮೇಲೆ ಕೇಳಿದರೆ ಖಾಲಿ ಇರುವುದಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಒಂದು ಊಟದ ಹೋಟೆಲ್ ಹೆಸರನ್ನು ಬರೆದಿಟ್ಟುಕೊಳ್ಳಿ. ಆ ಸಂಜೆ ಸ್ನಾನ, ಊಟ, ನಿದ್ದೆ. ಸೀರೆ ಇಲ್ಲ, ಮರೀನಾ ಇಲ್ಲ, ನೆಂಟರ ಮನೆ ಇಲ್ಲ. ನನ್ನ ಮನೆಯೂ ಇಲ್ಲ.

ಮೇಷ್ಟ್ರು ಹೇಳಿದ ಆ ಒಂದು ಗಂಟೆಯ ವ್ಯತ್ಯಾಸ ಮರುದಿನ ಬೆಳಗ್ಗೆ ನಿಮ್ಮ ಕಡೆಗೇ ವಾಲುತ್ತದೆ. ಐದಕ್ಕೆ ಎಚ್ಚರವಾಗುತ್ತದಲ್ಲ, ಎದ್ದು ಕಪಾಲೀಶ್ವರ ದೇವಸ್ಥಾನಕ್ಕೆ ನಡೆಯಿರಿ. ಆ ಹೊತ್ತಿಗೆ ಚೆನ್ನೈ ಬೇರೆಯೇ ಊರು. ಬೀದಿಗಳಲ್ಲಿ ನೀರು ಚಿಮುಕಿಸಿ ಕೋಲಂ ಹಾಕುತ್ತಿರುತ್ತಾರೆ, ಹೂವಿನವರು ಬುಟ್ಟಿ ಬಿಚ್ಚುತ್ತಿರುತ್ತಾರೆ, ಕಾಫಿ ಪರಿಮಳ. ಟಿ. ನಗರಕ್ಕೆ ಹೋಗಲೇಬೇಕಿದ್ದರೆ ಅಂಗಡಿ ತೆರೆಯುವ ಹೊತ್ತಿಗೆ, ಹತ್ತು ಗಂಟೆಯ ಆಸುಪಾಸಿನಲ್ಲಿ ಹೋಗಿ ಊಟದ ಹೊತ್ತಿಗೆ ಹೊರಬನ್ನಿ. ಸಂಜೆ ಅಲ್ಲಿಗೆ ನಾವೇ ಹೋಗುವುದಿಲ್ಲ.

ತೀನ್‌ಕಂದೀಲ್ (ರಾಯಚೂರು)

ಅಕ್ಕಾ, ಮಾತು ಬಿಟ್ಟ ಗಂಡ ಹೆಂಡತಿಯ ವಿಷಯ ಓದಿ ಯಜಮಾನರಿಗೂ ತೋರಿಸಿದೆ. ನಕ್ಕರು, ಆದರೆ ಟ್ಯಾಕ್ಸಿ ವಿಷಯಕ್ಕೆ ಒಪ್ಪಿದರು. ನಮ್ಮ ದಿನಾಂಕಗಳು ಸಂಕ್ರಾಂತಿಯ ಹತ್ತಿರ ಬರುತ್ತವೆ. ಪೊಂಗಲ್ ಹೊತ್ತಿನಲ್ಲಿ ಚೆನ್ನೈ ಹೇಗಿರುತ್ತದೆ? ಮಗಳಿಗೆ ವಸ್ತುಸಂಗ್ರಹಾಲಯ ನೋಡುವ ಆಸೆಯೂ ಇದೆ.

ಕುಷ್ಟಗಿಯವಳು (ಈಗ ಚೆನ್ನೈ)

ಪೊಂಗಲ್ ದಿನ ಊರು ಅರ್ಧ ಖಾಲಿ, ಎಲ್ಲರೂ ತಮ್ಮ ಹಳ್ಳಿಗೆ ಹೋಗಿರುತ್ತಾರೆ. ರಸ್ತೆಗಳು ಹಾಯಾಗಿರುತ್ತವೆ. ಆದರೆ ಹಬ್ಬದ ಕೊನೆಯ ದಿನ ಕಾಣುಂ ಪೊಂಗಲ್. ಅಂದು ಮರೀನಾದ ಕಡೆ ತಲೆ ಹಾಕಬೇಡಿ, ಇಡೀ ಊರೇ ಅಲ್ಲಿರುತ್ತದೆ. ಹಬ್ಬ ಮುಗಿಸಿ ಹಿಂದಿರುಗುವವರಿಂದ ರೈಲು, ಬಸ್ಸುಗಳೂ ತುಂಬಿರುತ್ತವೆ. ಹಬ್ಬ ಕಳೆದು ಒಂದು ವಾರ ಬಿಟ್ಟು ಬಂದರೆ ಅತ್ಯುತ್ತಮ.

ಜನವರಿ ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. ನಮ್ಮ ಕಡೆಯವರು ಮಳೆ ಎಂದರೆ ಜೂನ್, ಜುಲೈ ಎಂದುಕೊಂಡು ನವೆಂಬರ್, ಡಿಸೆಂಬರ್‌ನಲ್ಲಿ ನಿರಾಳವಾಗಿ ಇಲ್ಲಿಗೆ ಬರುತ್ತಾರೆ. ಚೆನ್ನೈಗೆ ದೊಡ್ಡ ಮಳೆ ಹಿಂಗಾರಿನದು. 2015ರ ಡಿಸೆಂಬರ್‌ನಲ್ಲಿ ಪ್ರವಾಹ ಬಂದು ವಿಮಾನ ನಿಲ್ದಾಣವೇ ದಿನಗಟ್ಟಲೆ ಮುಚ್ಚಿತ್ತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಹೊತ್ತಿಗೂ ರನ್‌ವೇ ಮೇಲೆ ನೀರು ನಿಂತಿತ್ತು.

ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯ 1851ರದು, ಶುಕ್ರವಾರ ರಜೆ. ಅಮರಾವತಿಯ ಬೌದ್ಧ ಶಿಲ್ಪಗಳನ್ನೂ ಕಂಚಿನ ವಿಗ್ರಹಗಳನ್ನೂ ಬಿಡದೆ ನೋಡಿ. ಒಳಗೆ ತಣ್ಣಗೆ, ನಿಶ್ಶಬ್ದವಾಗಿರುತ್ತದೆ, ಅತ್ತೆಗೆ ಕೂರಲು ಜಾಗವೂ ಸಿಗುತ್ತದೆ. ಮೇಷ್ಟ್ರು ಮಸ್ಕಿಯವರಾದ್ದರಿಂದ ಅಮರಾವತಿ ಎಂದೊಡನೆ ಅಶೋಕನ ಶಾಸನದ ಕಡೆಗೆ ಹೊರಳುತ್ತಾರೆ, ಯಾರೂ ಕೆಣಕಬೇಡಿ.

ಮಸ್ಕಿ ಮೇಷ್ಟ್ರು

ಕೆಣಕದಿದ್ದರೂ ಹೇಳುತ್ತೇನೆ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ. ಚೆನ್ನೈಗೆ ಹೋಗಿ ಶಿಲ್ಪ ನೋಡುವ ಮಗುವಿಗೆ ರಾಯಚೂರು ಜಿಲ್ಲೆಯ ಬಂಡೆಯನ್ನು ಮೊದಲು ತೋರಿಸಬೇಕಿತ್ತು. ಇರಲಿ.

ನಿರ್ಧಾರಗಳ ಹೊರೆಯ ಬಗ್ಗೆ ತಂಗಿ ಹೇಳಿದ್ದನ್ನು ಒಪ್ಪುತ್ತೇನೆ. ಕ್ರಮದ ಬಗ್ಗೆ ಒಪ್ಪುವುದಿಲ್ಲ. ನಗರವನ್ನು ಕೊನೆಗೆ ಇಟ್ಟರೆ ಪ್ರವಾಸದ ಕೊನೆಯ ನೆನಪು ಬೆವರು ಮತ್ತು ಹಾರ್ನ್ ಆಗಿರುತ್ತದೆ.

ಶಕ್ತಿನಗರ ಪಾಳಿ

ಬೆವರಂತೆ! ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಬದುಕಿ ಉಳಿದವರಿಗೆ ಜನವರಿಯ ಚೆನ್ನೈ ಹವಾನಿಯಂತ್ರಿತ.

ಕ್ಯಾಂಪಿನ ಹುಡುಗ (ಸಿಂಧನೂರು)

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವೆಲ್ಲ ಹ್ಯಾವ್‌ಲಾಕ್ ಎಂದರೆ ಮೌನ, ಚೆನ್ನೈ ಎಂದರೆ ಗದ್ದಲ ಎಂದು ಇಟ್ಟುಕೊಂಡೇ ಮಾತನಾಡುತ್ತಿದ್ದೀರಿ. ಮೌನವಿರುವುದು ರೆಸಾರ್ಟಿನ ಬೇಲಿಯೊಳಗೆ ಮಾತ್ರ.

ನಾನು ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪಿನವನು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬ ನಮ್ಮದು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಭತ್ತದ ಗದ್ದೆಯಲ್ಲಿ ಎರಡೂ. ನಮ್ಮಂಥವರನ್ನೇ ದೇಶ ವಿಭಜನೆಯ ನಂತರದ ದಶಕಗಳಲ್ಲಿ ಸರ್ಕಾರ ಹ್ಯಾವ್‌ಲಾಕ್‌ಗೂ ನೀಲ್ ದ್ವೀಪಕ್ಕೂ ಕರೆದೊಯ್ದು, ಕಾಡು ಕಡಿದು ಬೇಸಾಯ ಮಾಡಲು ಜಮೀನು ಕೊಟ್ಟಿತ್ತು. ಅದಕ್ಕೇ ಹ್ಯಾವ್‌ಲಾಕ್‌ನಲ್ಲಿ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ನೀಲ್‌ನಲ್ಲಿ ಸೀತಾಪುರ, ಭರತಪುರ, ಲಕ್ಷ್ಮಣಪುರ. ನೀವು ಚಿತ್ರಗಳಲ್ಲಿ ನೋಡುವ ಆ ಬಿಳಿ ಮರಳಿನ ತೀರ ರಾಧಾನಗರದ್ದು. ಊರಿಗೆ ಸಂಖ್ಯೆ ಏಳು, ತೀರಕ್ಕೂ ಏಳೇ. ಹಡಗುಕಟ್ಟೆ ಒಂದನೆಯ ಊರಿನಲ್ಲಿ, ದೊಡ್ಡ ಪೇಟೆ ಮೂರನೆಯದಾದ ಗೋವಿಂದನಗರದಲ್ಲಿ. ನಾನು ಹೋದಾಗ ಆ ಪೇಟೆಯಲ್ಲಿ ನಿಂತು ಅಜ್ಜಿಯ ಬಂಗಾಳಿಯಲ್ಲಿ ಮೀನಿನ ಬೆಲೆ ಕೇಳಿದೆ. ಅಂಗಡಿಯವನು ಯಾವ ಊರು ಎಂದ. ಸಿಂಧನೂರು ಎಂದೆ. ಅವನಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಆದರೆ ಅವನ ಅಜ್ಜ ಮತ್ತು ನನ್ನ ಅಜ್ಜ ಇಬ್ಬರೂ ಬರಿಸಾಲ್ ಕಡೆಯವರು. ಅಲ್ಲಿಂದ ಮುಂದೆ ನನ್ನನ್ನು ರೆಸಾರ್ಟಿಗೆ ಹೋಗಲು ಬಿಡಲಿಲ್ಲ.

ಹೇಳಬೇಕಾದದ್ದು ಇಷ್ಟು. ಸಂಜೆ ಆ ಪೇಟೆಗೆ ಬಂದು ನೋಡಿ. ಸ್ಕೂಟರುಗಳು, ತರಕಾರಿ ಕೂಗುವವರು, ಒಂದು ಕಡೆ ಕೀರ್ತನೆಯ ಧ್ವನಿವರ್ಧಕ, ಇನ್ನೊಂದು ಕಡೆ ಎಣ್ಣೆಯಲ್ಲಿ ಬೇಯುವ ಸಿಂಗಾರಾ (ಬಂಗಾಳಿ ಸಮೋಸಾ). ಸಿಂಧನೂರಿನ ಸಂತೆಯ ಕಾಲುಭಾಗ ಗದ್ದಲವಾದರೂ ಇರುತ್ತದೆ. ದಿನಕ್ಕೊಮ್ಮೆ ಬೇಲಿ ದಾಟಿ ಹೊರಗೆ ಬಂದು, ಚಹಾ ಕುಡಿದು, ಯಾರೊಂದಿಗಾದರೂ ಚೌಕಾಸಿ ಮಾಡಿ ಹೋದರೆ ಕುಷ್ಟಗಿ ಅಕ್ಕ ಹೇಳಿದ ಹಾಗೆ ತಲೆ ಪೂರ್ತಿ ಖಾಲಿಯಾಗುವುದಿಲ್ಲ. ರೆಸಾರ್ಟಿನಲ್ಲೇ ಮೂರು ಹೊತ್ತು ತಿಂದು, ಅಲ್ಲೇ ಮಲಗಿ, ಅಲ್ಲಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಚೆನ್ನೈ ಏಕೆ, ಶ್ರೀ ವಿಜಯಪುರದ ಅಬರ್ಡೀನ್ ಬಜಾರೂ ತಲೆಸುತ್ತು ತರಿಸುತ್ತದೆ.

ಜೊತೆಗೆ ಒಂದು ಮಾತು. ಮಗಳಿಗೆ ತೀರದಲ್ಲಿ ಹವಳದ ಚೂರು, ಶಂಖ ಆರಿಸಿ ಚೀಲಕ್ಕೆ ಹಾಕಿಕೊಳ್ಳಬೇಡ ಎಂದು ಹೇಳಿ. ವನ್ಯಜೀವಿ ಕಾಯ್ದೆಯಡಿ ಹವಳಕ್ಕೂ ಹಲವು ಬಗೆಯ ಚಿಪ್ಪುಗಳಿಗೂ ರಕ್ಷಣೆ ಇದೆ, ಸತ್ತ ಹವಳವೂ ಬಿಟ್ಟಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪೆಟ್ಟಿಗೆ ಬಿಚ್ಚಿಸುತ್ತಾರೆ. ಹೊರಡುವ ದಿನ ಆ ರಗಳೆ ಯಾರಿಗೆ ಬೇಕು?

ಆನೆಗೊಂದಿ ಹರಿಗೋಲು

ಕ್ಯಾಂಪಿನ ತಮ್ಮ ಬೇಲಿಯ ಮಾತು ಎತ್ತಿದ್ದು ನೋಡಿ ಬರೆಯಬೇಕೆನಿಸಿತು. ವಿರುಪಾಪುರಗಡ್ಡೆಯಲ್ಲಿ ಒಂದು ಅತಿಥಿಗೃಹದಲ್ಲಿ ಕೆಲವು ವರ್ಷ ಕೆಲಸ ಮಾಡಿದವನು ನಾನು. ಹಂಪಿಯ ವಿರೂಪಾಕ್ಷನ ಗುಡಿಯ ಎದುರು, ತುಂಗಭದ್ರೆಯ ಈಚೆ, ನಮ್ಮ ಕೊಪ್ಪಳ ಜಿಲ್ಲೆಗೆ ಸೇರಿದ ಗಡ್ಡೆ, ಅಂದರೆ ಹೊಳೆಯ ನಡುಗಡ್ಡೆ. ಹೊರದೇಶದವರು ವಾರಗಟ್ಟಲೆ ಉಳಿಯುತ್ತಿದ್ದರು. ಸಂಜೆಯ ಕೊನೆಯ ದೋಣಿ ಹೋದ ಮೇಲೆ ಆಚೆ ದಡಕ್ಕೆ ಹೋಗಬೇಕೆಂದರೆ ರಸ್ತೆಯಲ್ಲಿ ಸುತ್ತಿಯೇ ಹೋಗಬೇಕಿತ್ತು. ಆದ್ದರಿಂದ ಕತ್ತಲಾದ ಮೇಲೆ ಯಾರಿಗೂ ಎಲ್ಲಿಗೂ ಹೋಗುವ ಅವಸರವಿರುತ್ತಿರಲಿಲ್ಲ. ಅವರು ಹೊರಡುವ ದಿನ ಪೆಟ್ಟಿಗೆ ಹೊತ್ತು ಹೊಸಪೇಟೆ ನಿಲ್ದಾಣದವರೆಗೆ ಬಿಟ್ಟುಬರುವ ಕೆಲಸ ನನ್ನದು. ಕಮಲಾಪುರ ದಾಟುವವರೆಗೆ ಹಾಡು, ನಗು. ಹೊಸಪೇಟೆಯ ಬಸ್ ನಿಲ್ದಾಣದ ಮುಂದೆ ಅದಿರಿನ ಲಾರಿಗಳ ಸಾಲು ಕಂಡ ಕೂಡಲೇ ಮುಖ ಬಿಳಚಿಕೊಳ್ಳುತ್ತಿತ್ತು. ಒಬ್ಬ ಹೆಂಗಸು ನನ್ನ ಕೈ ಹಿಡಿದು ರಸ್ತೆ ದಾಟಿದಳು, ಆಕೆಯ ಊರು ಬರ್ಲಿನ್.

ನಮ್ಮ ಕಡೆಯಿಂದ ಇದು ಹೇಗೆ ಕಾಣುತ್ತಿತ್ತು ಎಂಬುದನ್ನೂ ಹೇಳಬೇಕು. ನನಗೆ ಹೊಸಪೇಟೆ ಎಂದರೆ ಬಿಡುಗಡೆ. ಪೆಟ್ಟಿಗೆ ಇಳಿಸಿ, ಒಂದು ತಟ್ಟೆ ಒಗ್ಗರಣೆ, ಎರಡು ಮಿರ್ಚಿ ತಿಂದು, ಸಿನಿಮಾ ಪೋಸ್ಟರ್ ನೋಡುತ್ತಾ ಅಲೆಯುತ್ತಿದ್ದೆ. ಗಡ್ಡೆಯಲ್ಲಿ ಜ್ವರ ಬಂದರೂ ದೋಣಿಗಾಗಿ ಕಾಯಬೇಕು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಸಿಕ್ಕಿಹಾಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಎತ್ತಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2020ರ ಮಾರ್ಚ್‌ನಲ್ಲಿ ಆ ರೆಸಾರ್ಟುಗಳನ್ನೆಲ್ಲ ಕೆಡವಿದರು. ವಿಶ್ವ ಪರಂಪರೆಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದು ಎಂಬುದು ತೀರ್ಪು. ಸರಿಯೋ ತಪ್ಪೋ ಎಂದು ಇಲ್ಲಿ ವಾದಿಸಲು ಬಂದಿಲ್ಲ, ನನ್ನ ಕೆಲಸವಂತೂ ಹೋಯಿತು.

ಅಕ್ಕ ಕೇಳಿದ್ದಕ್ಕೆ ನನ್ನ ಉತ್ತರ ಇದು. ಗಡ್ಡೆಯಿಂದ ಹೊರಟವರಲ್ಲಿ ಒಂದು ರಾತ್ರಿ ಹಂಪಿಯಲ್ಲೋ ಕಮಲಾಪುರದಲ್ಲೋ ತಂಗಿ ಹೋದವರು ಹೊಸಪೇಟೆಯಲ್ಲಿ ಚೆನ್ನಾಗಿಯೇ ಇರುತ್ತಿದ್ದರು. ನಡುವೆ ಒಂದು ಸಣ್ಣ ಊರು ಬೇಕು. ನಿಮಗೆ ಅದು ಶ್ರೀ ವಿಜಯಪುರ. ಬಳ್ಳಾರಿ ಅಣ್ಣ ಹಡಗಿನ ಭಯಕ್ಕೆ ಹೇಳಿದ್ದನ್ನು ನಾನು ಈ ಕಾರಣಕ್ಕೂ ಹೇಳುತ್ತೇನೆ. ಸಂಜೆ ಸೆಲ್ಯುಲರ್ ಜೈಲು ನೋಡಿ, ಬಜಾರಿನಲ್ಲಿ ಅಡ್ಡಾಡಿ ಮಲಗಿದರೆ ಮರುದಿನದ ಚೆನ್ನೈ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಮಸ್ಕಿ ಮೇಷ್ಟ್ರು

ನಡುವಿನ ಊರಿನ ಮಾತು ನನಗೆ ಹಿಡಿಸಿತು. ಸೆಲ್ಯುಲರ್ ಜೈಲು 1906ರಲ್ಲಿ ಪೂರ್ಣಗೊಂಡಾಗ ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೈದಿಗೆ ಇನ್ನೊಂದು ಸಾಲಿನವನ ಮುಖ ಕಾಣದಂತೆ ಕಟ್ಟಿದ್ದಾರೆ. ದ್ವೀಪದ ಏಕಾಂತ ಎಲ್ಲರಿಗೂ ರಜೆಯಾಗಿರಲಿಲ್ಲ ಎಂದು ಮಗುವಿಗೆ ಅಲ್ಲಿ ಹೇಳಿ.

ಆದರೂ ನಗರವೇ ಮೊದಲು.

ಲಿಂಗಸೂಗೂರು ಎಡದಂಡೆ

ನಮ್ಮ ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳಾದ ಕರಕಲಗಡ್ಡಿ, ಮ್ಯಾದರಗಡ್ಡಿಯವರನ್ನು ಕೇಳಿ ನೋಡಿ ದ್ವೀಪದ ಸುಖವನ್ನು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ದನಕರುಗಳೊಂದಿಗೆ ಅಲ್ಲೇ ಇರಬೇಕು. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾದವರದೂ ಅದೇ ಕಥೆ. ಈ ಚರ್ಚೆಗೆ ಸಂಬಂಧವಿಲ್ಲದಿದ್ದರೆ ಕ್ಷಮಿಸಿ.

ತೀನ್‌ಕಂದೀಲ್ (ರಾಯಚೂರು)

ಸಂಬಂಧವಿದೆ ಅಣ್ಣಾ, ನೀವು ಊಹಿಸಲಾರದಷ್ಟು.

ನಿನ್ನೆ ರಾತ್ರಿ ರೊಟ್ಟಿ ಬಡಿಯುವಾಗ ಈ ಚರ್ಚೆಯನ್ನು ಅತ್ತೆಗೆ ಓದಿ ಹೇಳಿದೆ. ಇಷ್ಟು ಜನ ಸೇರಿ ಅವರನ್ನು ಚೆನ್ನೈಯ ಗದ್ದಲದಿಂದ ಕಾಪಾಡಲು ಹೊರಟಿದ್ದೇವಲ್ಲ, ಅವರ ಮಾತನ್ನೇ ಯಾರೂ ಕೇಳಿರಲಿಲ್ಲ. ಅವರ ತವರು ಕೃಷ್ಣೆಯ ದಂಡೆ. ಚಿಕ್ಕವರಿದ್ದಾಗ ಸೋದರಮಾವನ ಮನೆ ಗಡ್ಡೆಯ ಮೇಲಿತ್ತು, ಹರಿಗೋಲಿನಲ್ಲಿ ಹೋಗಿಬರುತ್ತಿದ್ದರಂತೆ. ಒಮ್ಮೆ ಹೊಳೆ ಏರಿ ದಿನಗಟ್ಟಲೆ ಅಲ್ಲೇ ಸಿಕ್ಕಿಕೊಂಡಿದ್ದರಂತೆ. "ಸುತ್ತ ನೀರು ನೋಡಿದ್ದು ನನಗೆ ಸಾಕಾಗಿದೆ. ನಿಮ್ಮ ಸಂತೋಷಕ್ಕೆ ಬರುತ್ತೇನೆ. ಆದರೆ ಆ ಕಪಾಲೀಶ್ವರನ ಗುಡಿ, ಸೀರೆ ಅಂಗಡಿ ತಪ್ಪಿಸಬೇಡಿ" ಎಂದರು. ಎರ್ನಾಕುಲದಲ್ಲಿ ತಲೆಸುತ್ತು ಬಂದದ್ದು ಪೇಟೆಗಲ್ಲವಂತೆ. ಬೆಳಗ್ಗೆಯಿಂದ ದೋಣಿಯಲ್ಲಿ ಕುಳಿತ ಭಯಕ್ಕೆ ಏನೂ ತಿಂದಿರಲಿಲ್ಲವಂತೆ. ಆಗ ಹೇಳಲು ಸಂಕೋಚವಾಗಿತ್ತಂತೆ.

ಹಾಗಾಗಿ ಹ್ಯಾವ್‌ಲಾಕ್‌ನ ಒಂದು ರಾತ್ರಿಯನ್ನು ಕಡಿಮೆ ಮಾಡಿ ಚೆನ್ನೈಗೆ ಕೊಟ್ಟಿದ್ದೇವೆ. ಶ್ರೀ ವಿಜಯಪುರದಲ್ಲಿ ಹೋಗುವಾಗಲೂ ಬರುವಾಗಲೂ ತಂಗುತ್ತೇವೆ. ದಿನಾಂಕ ಪೊಂಗಲ್ ದಾಟಿದ ಮೇಲಕ್ಕೆ ಹೋಯಿತು. ಮೈಲಾಪುರದಲ್ಲಿ ಹಿಂಬದಿಯ ಕೋಣೆಗೆ ಯಜಮಾನರು ಫೋನ್ ಮಾಡಿದ್ದಾರೆ. ಮೇಷ್ಟ್ರು ಬೇಸರಪಡಬಾರದು, ಮಸ್ಕಿಗೆ ಈ ಭಾನುವಾರವೇ ಮಗಳನ್ನು ಕರೆದುಕೊಂಡು ಬರುತ್ತೇವೆ.

ಹಡಗಿನ ವಿಷಯ ಮಾತ್ರ ಉಳಿದಿದೆ. ಅತ್ತೆಗೆ ಯಾವುದು ವಾಸಿ, ವೇಗದ್ದೋ ಸರ್ಕಾರಿಯದೋ?

ಕ್ಯಾಂಪಿನ ಹುಡುಗ (ಸಿಂಧನೂರು)

ಭಯವಿದ್ದವರಿಗೆ ಕಡಿಮೆ ಹೊತ್ತಿನದೇ ಒಳ್ಳೆಯದು. ವೇಗದ ಹಡಗು, ಬೆಳಗಿನ ಹೊತ್ತು, ಕೆಳ ಅಂತಸ್ತಿನ ನಡುವಿನ ಆಸನ. ಅಲ್ಲಿ ಓಲಾಟ ಕಡಿಮೆ. ವಾಂತಿಯ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಈ ಸಲ ಖಾಲಿ ಹೊಟ್ಟೆಯಲ್ಲಿ ಹತ್ತಿಸಬೇಡಿ, ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿರಲಿ. ಎಲ್ಲರ ಗುರುತಿನ ಚೀಟಿಯೂ ಕೈಗೆ ಸಿಗುವಂತಿರಲಿ, ಹಡಗುಕಟ್ಟೆಯಲ್ಲಿ ಕೇಳುತ್ತಾರೆ. ದ್ವೀಪದಲ್ಲಿ ಎ.ಟಿ.ಎಂ.ಗಳು ಬೆರಳೆಣಿಕೆಯಷ್ಟು, ನಗದು ಇಟ್ಟುಕೊಳ್ಳಿ.

ಬಳ್ಳಾರಿ ಗುಡ್ಡ

ಇನ್ನು ರೈಲು. ಚೆನ್ನೈ–ಮುಂಬೈ ಮಾರ್ಗದ ಗಾಡಿಗಳು ರೇಣಿಗುಂಟ, ಕಡಪ, ಗುಂತಕಲ್, ಆದೋನಿ, ಮಂತ್ರಾಲಯಂ ರೋಡ್ ಮೇಲೆ ರಾಯಚೂರಿಗೆ ನೇರವಾಗಿ ಬರುತ್ತವೆ, ನೀವು ಪುಣ್ಯವಂತರು. ನಾವು ಬಳ್ಳಾರಿಯವರು ಗುಂತಕಲ್‌ನಲ್ಲಿ ಇಳಿದು ಇನ್ನೊಂದು ಗಾಡಿ ಕಾಯಬೇಕು. ಚೆನ್ನೈಯಲ್ಲಿ ಎಲ್ಲ ಗಾಡಿಗಳೂ ಒಂದೇ ನಿಲ್ದಾಣದಿಂದ ಹೊರಡುವುದಿಲ್ಲ, ಟಿಕೆಟ್ ಮೇಲೆ ಏನಿದೆ ಎಂದು ಎರಡು ಸಲ ನೋಡಿ.

ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ಮಾತ್ರ. 2024ರ ಅಕ್ಟೋಬರ್ ಕೊನೆಯವರೆಗೆ 120 ದಿನವಿತ್ತು. ಅತ್ತೆಯವರಿಗೆ ಕೆಳಗಿನ ಬರ್ತ್ ಬೇಕಲ್ಲವೇ? 45 ದಾಟಿದ ಮಹಿಳೆಯರಿಗೂ 60 ದಾಟಿದ ಪುರುಷರಿಗೂ ಕೆಳ ಬರ್ತ್ ಕೋಟಾ ಇದೆ, ಆದರೆ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಅದು ಸಿಗುವುದಿಲ್ಲ. ನಾಲ್ವರದನ್ನೂ ಒಂದೇ ಟಿಕೆಟ್ ಮಾಡಿಸಬೇಡಿ. ಅತ್ತೆಯವರದನ್ನು ಬೇರೆಯಾಗಿ ಮಾಡಿಸಿ, ಉಳಿದ ಮೂವರದು ಅದೇ ಬೋಗಿಯಲ್ಲಿ ಸಿಗುತ್ತದೆಯೇ ನೋಡಿ.

ತೀನ್‌ಕಂದೀಲ್ (ರಾಯಚೂರು)

ಒಂದೇ ಟಿಕೆಟ್ ಮಾಡಿಸುವವರಿದ್ದೆವು, ಸರಿಯಾದ ಹೊತ್ತಿಗೆ ಹೇಳಿದಿರಿ. ಅತ್ತೆ ಒಬ್ಬರೇ ಬೇರೆ ಟಿಕೆಟ್‌ನಲ್ಲಿ ಎಂದರೆ ಗಾಬರಿಯಾಗುತ್ತಾರೆ, ಹಾಗಾಗಿ ಅವರದೂ ಮಗಳದೂ ಒಂದು, ನಮ್ಮಿಬ್ಬರದು ಒಂದು ಎಂದು ಯೋಚಿಸಿದ್ದೇವೆ. ಮಗಳಿಗೆ ಹದಿಮೂರು ವರ್ಷ. ಅವಳು ಜೊತೆಗಿದ್ದರೆ ಆ ಕೋಟಾ ನಡೆಯುತ್ತದೆಯೇ?

ಬಳ್ಳಾರಿ ಗುಡ್ಡ

ಇಲ್ಲ. ಜೊತೆಗಿರುವ ಇನ್ನೊಬ್ಬರಿಗೂ ಆ ವಯಸ್ಸು ಆಗಿರಬೇಕು. ನಿಮಗೆ 45 ದಾಟಿದ್ದರೆ ಅತ್ತೆ ಸೊಸೆ ಇಬ್ಬರೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ದಾಟಿದೆಯೋ ಇಲ್ಲವೋ ಎಂದು ಇಲ್ಲಿ ಹೇಳಬೇಕಾಗಿಲ್ಲ.